ಬೆಳಕನ್ನು ಸೋಸುವ ನೀರು

ಗಾಜಿನ ಲೋಟ, ಬಣ್ಣದ ನೀರು, ಕಿಟಕಿಯ ಬೆಳಕು, ಕೈಯಲ್ಲೊಂದು ಫೋನು. ಮನೆಯೊಳಗೆ ಕುಳಿತು ಛಾಯಾಗ್ರಹಣ ಕಲಿಯಲು ಇಷ್ಟು ಸಾಕು. ಮೂರು ಬಣ್ಣಗಳ ವಿಧಾನದ ಮೊದಲ ವರ್ಣಚಿತ್ರ ಮೂಡಿದ್ದೂ ಬಣ್ಣದ ದ್ರಾವಣ ತುಂಬಿದ ಗಾಜಿನ ತೊಟ್ಟಿಗಳ ಮೂಲಕವೇ.

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಪುನರ್ಪುಳಿ ಶರಬತ್ತಿನ ಲೋಟವನ್ನು ಅಡುಗೆಮನೆಯ ಕಿಟಕಿಕಟ್ಟೆಯ ಮೇಲೆ ಇಟ್ಟು ಮರೆತಿದ್ದೆ. ಒಂಬತ್ತು ಗಂಟೆಯ ಓರೆ ಬಿಸಿಲು ಲೋಟವನ್ನು ದಾಟಿ ಒಳಬಂದು, ಕಟ್ಟೆಯ ಬಿಳಿ ಕಲ್ಲಿನ ಮೇಲೆ ಅಂಗೈಯಗಲದ ಕೆಂಪು ಮಚ್ಚೆಯೊಂದನ್ನು ಚೆಲ್ಲಿತ್ತು. ಮಚ್ಚೆಯ ನಡುವೆ ಕೆಂಡದಂತೆ ಹೊಳೆಯುವ ಒಂದು ಗೆರೆ. ಲೋಟ ಅಲುಗಿದರೆ ಆ ಗೆರೆಯೂ ಬಳುಕುತ್ತಿತ್ತು.

ಫೋನು ತಂದೆ. ಮೊದಲು ಲೋಟವನ್ನು ಊಟದ ಮೇಜಿಗೆ ಒಯ್ದು, ಕಿಟಕಿಗೆ ಬೆನ್ನು ಹಾಕಿ ನಿಂತು ತೆಗೆದೆ. ಬೆಳಕು ನನ್ನ ಹಿಂದಿನಿಂದ ಲೋಟದ ಮೇಲೆ ಬೀಳುತ್ತಿತ್ತು. ಚಿತ್ರದಲ್ಲಿ ಕಂಡದ್ದು ಕಪ್ಪಿಗೆ ತಿರುಗಿದ, ಜೀವವಿಲ್ಲದ ಯಾವುದೋ ದ್ರವ. ಆಮೇಲೆ ಮೇಜಿನ ಈಚೆ ಬದಿಗೆ ಬಂದು, ಕಿಟಕಿಗೆ ಮುಖ ಮಾಡಿ, ಲೋಟವನ್ನು ನನಗೂ ಕಿಟಕಿಗೂ ನಡುವೆ ಇರಿಸಿಕೊಂಡು ತೆಗೆದೆ. ಅದೇ ಶರಬತ್ತು ಮಾಣಿಕ್ಯದಂತೆ ಬೆಳಗಿತು. ಎರಡು ಚಿತ್ರಗಳ ನಡುವೆ ಬದಲಾದದ್ದು ನಾನು ನಿಂತ ಜಾಗ ಮಾತ್ರ.

ಬಣ್ಣದ ನೀರಿನ ಛಾಯಾಗ್ರಹಣದ ಮೊದಲ ಪಾಠ ಅಂದು ನನಗೆ ಸಿಕ್ಕಿತು. ಗೋಡೆ, ಬಟ್ಟೆ, ಹಣ್ಣು ಇವೆಲ್ಲ ತಮ್ಮ ಮೇಲೆ ಬಿದ್ದ ಬೆಳಕನ್ನು ಹಿಂದಕ್ಕೆ ಕಳಿಸಿ ಬಣ್ಣ ತೋರಿಸುತ್ತವೆ. ತಿಳಿಯಾದ ಬಣ್ಣದ ನೀರು ತನ್ನೊಳಗೆ ಹಾದುಹೋಗುವ ಬೆಳಕನ್ನು ಸೋಸಿ ಬಣ್ಣ ತೋರಿಸುತ್ತದೆ. ಸೋಸುವ ಬಟ್ಟೆಯ ಕೆಲಸ ನೋಡಬೇಕಾದರೆ ಕೆಳಗಿನ ಪಾತ್ರೆಯಲ್ಲಿ ಬಿದ್ದದ್ದನ್ನು ನೋಡಬೇಕಲ್ಲವೇ? ಹಾಗೆಯೇ ಬಣ್ಣದ ನೀರನ್ನು ನೋಡಬೇಕಾದರೆ ಬೆಳಕು ಹೊರಬರುವ ಬದಿಯಲ್ಲಿ ನಿಲ್ಲಬೇಕು.

ನೀರು ಹಿಡಿದಿಟ್ಟುಕೊಳ್ಳುವುದೇನು?

ಬಿಸಿಲು ಬಿಳಿಯಾಗಿ ಕಂಡರೂ ಅದರೊಳಗೆ ಎಲ್ಲ ಬಣ್ಣಗಳೂ ಬೆರೆತಿವೆ ಎಂಬುದನ್ನು ನ್ಯೂಟನ್ ಪಟ್ಟಕದ ಪ್ರಯೋಗಗಳಿಂದ ತೋರಿಸಿಕೊಟ್ಟರು. ಅವರ ‘ಆಪ್ಟಿಕ್ಸ್’ ಗ್ರಂಥ ಹೊರಬಂದದ್ದು 1704ರಲ್ಲಿ. ಪುನರ್ಪುಳಿಯ ನೀರು ಈ ಬೆರಕೆಯಿಂದ ಹಸಿರು ಮತ್ತು ನೀಲಿಯ ಹೆಚ್ಚು ಪಾಲನ್ನು ಹೀರಿಕೊಳ್ಳುತ್ತದೆ, ಕೆಂಪನ್ನು ಮುಂದಕ್ಕೆ ಬಿಡುತ್ತದೆ. ಉಳಿದು ಹೊರಬಂದದ್ದೇ ನಮಗೆ ಕಾಣುವ ಬಣ್ಣ.

ಎಷ್ಟು ಹೀರಿಕೊಳ್ಳುತ್ತದೆ ಎಂಬುದಕ್ಕೂ ಲೆಕ್ಕವಿದೆ. 1760ರಲ್ಲಿ ಲ್ಯಾಂಬರ್ಟ್, 1852ರಲ್ಲಿ ಬೇರ್ ಎಂಬ ವಿಜ್ಞಾನಿಗಳು ಹೇಳಿದ ನಿಯಮವನ್ನು ಮನೆಮಾತಿನಲ್ಲಿ ಹೀಗೆ ಹೇಳಬಹುದು: ಒಂದು ಲೋಟ ಬಣ್ಣದ ನೀರು ಹಸಿರು ಬೆಳಕಿನ ಅರ್ಧವನ್ನು ಮಾತ್ರ ಬಿಟ್ಟರೆ, ಅದರ ಹಿಂದೆ ಇಟ್ಟ ಅಂಥದೇ ಎರಡನೆಯ ಲೋಟ ಉಳಿದದ್ದರ ಅರ್ಧವನ್ನು ಬಿಡುತ್ತದೆ, ಅಂದರೆ ಕಾಲು ಭಾಗ. ಮೂರನೆಯ ಲೋಟ ದಾಟುವಾಗ ಎಂಟನೆಯ ಒಂದು ಭಾಗ. ಬಣ್ಣವನ್ನು ಇಮ್ಮಡಿ ಬೆರೆಸಿದರೂ ಇದೇ ಪರಿಣಾಮ, ಪಾತ್ರೆಯ ಅಗಲ ಇಮ್ಮಡಿಯಾದರೂ ಇದೇ ಪರಿಣಾಮ.

ಚಿತ್ರ ತೆಗೆಯುವವರಿಗೆ ಇದರ ಅರ್ಥ ನೇರವಾಗಿದೆ. ಬಣ್ಣ ಎದ್ದು ಕಾಣಲೆಂದು ಇನ್ನೂ ನಾಲ್ಕು ಹನಿ ಹಾಕುತ್ತೇವೆ; ಚಿತ್ರ ಕಪ್ಪಾಗುತ್ತದೆ. ಕುಡಿಯಲು ಹದವಾದ ಶರಬತ್ತು ಕ್ಯಾಮೆರಾಕ್ಕೆ ಬಹಳ ಗಟ್ಟಿ. ಐದಾರು ಒಂದೇ ಥರದ ಲೋಟಗಳಲ್ಲಿ ಸಮನಾಗಿ ನೀರು ತುಂಬಿ, ಒಂದು, ಎರಡು, ನಾಲ್ಕು, ಎಂಟು ಹನಿ ಎಂದು ಬಣ್ಣ ಏರಿಸುತ್ತ ಹೋಗಿ ಸಾಲಾಗಿ ಕಿಟಕಿಯ ಎದುರು ಇಡಿ. ಒಂದೇ ಚಿತ್ರದಲ್ಲಿ ನಸುಗೆಂಪಿನಿಂದ ಕಡುಗೆಂಪಿನವರೆಗೆ ಮೆಟ್ಟಿಲು ಸಿಗುತ್ತದೆ. ನಿಮ್ಮ ಕಿಟಕಿಗೆ, ನಿಮ್ಮ ಲೋಟಕ್ಕೆ ಯಾವ ಹದ ಸರಿ ಎಂಬುದನ್ನು ಆ ಸಾಲೇ ಹೇಳಿಬಿಡುತ್ತದೆ.

ಇನ್ನೊಂದು ಪ್ರಯೋಗ ಮಕ್ಕಳಿಗೆ ಬಹಳ ಇಷ್ಟವಾಗುತ್ತದೆ. ಹಳದಿ ನೀರಿನ ಲೋಟದ ಹಿಂದೆ ಆಕಾಶನೀಲಿ ನೀರಿನ ಲೋಟವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಇಡಿ. ಎರಡೂ ಒಂದರ ಮೇಲೊಂದು ಬಂದ ಜಾಗದಲ್ಲಿ ಹಸಿರು ಕಾಣುತ್ತದೆ. ಯಾವ ಲೋಟದಲ್ಲೂ ಹಸಿರು ನೀರಿಲ್ಲ. ನೀಲಿ ಲೋಟ ಕೆಂಪನ್ನು ಹಿಡಿದುಕೊಂಡಿತು, ಹಳದಿ ಲೋಟ ನೀಲಿಯನ್ನು ಹಿಡಿದುಕೊಂಡಿತು. ಎರಡರ ಸೋಸುವಿಕೆಯನ್ನೂ ದಾಟಿ ಬಂದದ್ದು ಹಸಿರು.

ಅಡುಗೆಮನೆಯ ಬಣ್ಣದಂಗಡಿ

ಬಣ್ಣಕ್ಕಾಗಿ ಅಂಗಡಿಗೆ ಓಡಬೇಕಿಲ್ಲ. ನಮ್ಮ ಮನೆಗಳಲ್ಲಿ ಆರತಿಗೆ ಕಲಸುವ ಓಕುಳಿಯನ್ನೇ ನೋಡಿ. ಅರಿಶಿನದ ಹಳದಿ ನೀರಿಗೆ ಚಿಟಿಕೆ ಸುಣ್ಣ ಬಿದ್ದೊಡನೆ ಅದು ಕೆಂಪಾಗುತ್ತದೆ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ಬಣ್ಣದ ವಸ್ತು ಕ್ಷಾರದ ಜೊತೆ ಸೇರಿದಾಗ ಹೀರಿಕೊಳ್ಳುವ ಬೆಳಕನ್ನೇ ಬದಲಿಸುತ್ತದೆ. ಅದಕ್ಕೆ ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ಸುಣ್ಣ ಹರಡುವ ಆ ಕ್ಷಣ, ಹಳದಿಯ ನಡುವೆ ಕೆಂಪು ಹೊಗೆಯಂತೆ ಸುತ್ತುವ ದೃಶ್ಯ, ಚಿತ್ರಕ್ಕೆ ಬಲು ಚೆಂದದ ವಸ್ತು. ಆದರೆ ಒಂದು ಮಾತು: ಅರಿಶಿನದ ಪುಡಿ ನೀರಿನಲ್ಲಿ ಪೂರ್ತಿ ಕರಗುವುದಿಲ್ಲ, ಕಣಗಳು ತೇಲುತ್ತಲೇ ಇರುತ್ತವೆ. ಹಿಂದಿನಿಂದ ಬೆಳಕು ಹಾಯಿಸಬೇಕಾದರೆ ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿ, ಅರ್ಧ ಗಂಟೆ ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಬಳಸಬೇಕು.

ಬೇಲಿಯಲ್ಲಿ ಅರಳುವ ಶಂಖಪುಷ್ಪ ಇನ್ನೊಂದು ನಿಧಿ. ಹತ್ತು ಹೂವನ್ನು ಬಿಸಿನೀರಿಗೆ ಹಾಕಿದರೆ ಕಡುನೀಲಿ ನೀರು. ನಿಂಬೆರಸ ಬಿದ್ದರೆ ನೇರಳೆ, ಇನ್ನೂ ಬಿದ್ದರೆ ಗುಲಾಬಿ. ಅಡುಗೆ ಸೋಡಾ ಹಾಕಿದರೆ ಹಸಿರಿನ ಕಡೆಗೆ ವಾಲುತ್ತದೆ. ಒಂದೇ ಹೂವಿನಿಂದ ನಾಲ್ಕು ಲೋಟ, ನಾಲ್ಕು ಬಣ್ಣ. ಕರಾವಳಿಯವರು ಪುನರ್ಪುಳಿ ಎಂದೂ ಉತ್ತರ ಕನ್ನಡದ ಕಡೆಯವರು ಮುರುಗಲು ಎಂದೂ ಕರೆಯುವ ಹಣ್ಣಿನ ಸಿಪ್ಪೆ ಕೆಂಪಿಗೆ, ಬೀಟ್‌ರೂಟ್ ಗುಲಾಬಿಗೆ, ಬಿಳಿ ಬಟ್ಟೆಗೆ ಹಾಕುವ ನೀಲಿ ನೀಲಿಗೆ. ಬೀಟ್‌ರೂಟಿನ ಬಣ್ಣ ಹೊತ್ತು ಕಳೆದಂತೆ ಕಂದುತ್ತದೆ, ಹಾಗಾಗಿ ಅದನ್ನು ಆಗಷ್ಟೇ ಹಿಂಡಿ ಬಳಸಬೇಕು. ನೀಲಿ ಬೆರೆಸಿದ ಲೋಟವನ್ನು ಕುಡಿಯುವ ಲೋಟಗಳ ಜೊತೆ ಇಡಬಾರದು.

ಸಕ್ಕರೆ ಬೆರೆಸಿದ ನೀರು ಬರಿಯ ನೀರಿಗಿಂತ ಭಾರ. ಒಂದು ಲೋಟದ ತಳದಲ್ಲಿ ಗಟ್ಟಿ ಸಕ್ಕರೆ ಪಾಕದ ಕೆಂಪು ನೀರು ಹಾಕಿ, ಅದರ ಮೇಲೆ ಚಮಚದ ಬೆನ್ನಿನ ಮೂಲಕ ಕಡಿಮೆ ಸಕ್ಕರೆಯ ಹಳದಿ ನೀರನ್ನು ನಿಧಾನವಾಗಿ ಇಳಿಬಿಡಿ, ಕೊನೆಗೆ ಸಕ್ಕರೆಯಿಲ್ಲದ ನೀಲಿ ನೀರು. ಮೂರು ಪದರ ಒಂದರ ಮೇಲೊಂದು ನಿಲ್ಲುತ್ತವೆ. ಹಿಂದಿನಿಂದ ಬೆಳಕು ಹಾಯಿಸಿದರೆ ಪದರಗಳು ಸೇರುವಲ್ಲಿ ಕಿತ್ತಳೆಯೂ ಹಸಿರೂ ಮೂಡುತ್ತವೆ.

ಬೆಳಕನ್ನು ಕೂರಿಸುವ ಜಾಗ

ಕಿಟಕಿಯ ನೇರ ಬಿಸಿಲು ಗಡಸು. ಅದು ಗಾಜಿನ ಮೇಲೆ ಬಿಳಿ ಚುಕ್ಕೆಗಳನ್ನು ಉಳಿಸಿ ಕಣ್ಣು ಕೋರೈಸುತ್ತದೆ. ಕಿಟಕಿಗೆ ಒಂದು ಬಿಳಿ ಪಂಚೆಯನ್ನೋ ಬಟರ್ ಪೇಪರನ್ನೋ ಕಟ್ಟಿದರೆ ಆ ಬಟ್ಟೆಯೇ ಬೆಳಕಿನ ಮೂಲವಾಗಿಬಿಡುತ್ತದೆ. ಬೆಳಕು ಎಲ್ಲ ದಿಕ್ಕಿನಿಂದ ಮೆತ್ತಗೆ ಬರುತ್ತದೆ. ಬಟ್ಟೆಯ ಈ ಉಪಾಯಕ್ಕೆ ಭಾರತೀಯ ಚಿತ್ರರಂಗದಲ್ಲಿ ದೊಡ್ಡ ಪರಂಪರೆಯೇ ಇದೆ. ಸತ್ಯಜಿತ್ ರಾಯ್ ಅವರ ‘ಅಪರಾಜಿತೊ’ (1956) ಚಿತ್ರಕ್ಕೆ ಕಾಶಿಯ ಮನೆಯ ಅಂಗಳವನ್ನು ಸ್ಟುಡಿಯೋದೊಳಗೆ ಕಟ್ಟಿದಾಗ, ಛಾಯಾಗ್ರಾಹಕ ಸುಬ್ರತ ಮಿತ್ರ ಮೇಲೆ ಬಿಳಿ ಬಟ್ಟೆ ಹರಡಿ, ದೀಪದ ಬೆಳಕನ್ನು ಅದಕ್ಕೆ ತಾಗಿಸಿ ಕೆಳಗಿಳಿಸಿ, ಆಕಾಶದ ಬೆಳಕನ್ನೇ ಸೆಟ್ಟಿಗೆ ತಂದರು.

ಬಟ್ಟೆ ಬೆಳಕನ್ನು ಹರಡಿದರೆ ಕನ್ನಡಿ ಅದನ್ನು ಒಂದೆಡೆಗೆ ತಿರುಗಿಸುತ್ತದೆ. ಮೈಸೂರಿನಲ್ಲಿ 1923ರಲ್ಲಿ ಹುಟ್ಟಿದ ವಿ.ಕೆ. ಮೂರ್ತಿ ಗುರುದತ್ತರ ‘ಕಾಗಜ್ ಕೆ ಫೂಲ್’ (1959) ಚಿತ್ರದಲ್ಲಿ ಸ್ಟುಡಿಯೋದ ಕತ್ತಲನ್ನು ಸೀಳುವ ಬೆಳಕಿನ ಕೋಲನ್ನು ಪಡೆದದ್ದು ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ಒಳಕ್ಕೆ ತಿರುಗಿಸಿ. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರು. ಅಷ್ಟು ದೊಡ್ಡ ಕಲಾವಿದರು ನೆಚ್ಚಿಕೊಂಡ ಕನ್ನಡಿ ಮತ್ತು ಬಿಸಿಲು ನಮ್ಮ ಮನೆಯಲ್ಲೂ ಇವೆ. ಮುಖ ನೋಡುವ ಕೈಗನ್ನಡಿಯಿಂದ ಬಿಸಿಲಿನ ಒಂದು ತುಂಡನ್ನು ಕತ್ತಲ ಮೂಲೆಯಲ್ಲಿಟ್ಟ ಬಣ್ಣದ ಲೋಟದ ಹಿಂಬದಿಗೆ ಕಳಿಸಿ ನೋಡಿ. ಉಳಿದದ್ದೆಲ್ಲ ಕಪ್ಪು, ಲೋಟವೊಂದೇ ಬೆಳಗುತ್ತದೆ.

ಗಾಜಿನ ಅಂಚು ಹಿಡಿಯುವುದು ಹೊಸಬರಿಗೆ ಕಷ್ಟವೆನಿಸುವ ಕೆಲಸ. ಬಿಳಿ ಹಿನ್ನೆಲೆಯಲ್ಲಿ ಗಾಜು ಕರಗಿಹೋಗುತ್ತದೆ. ಇದಕ್ಕೆ ಎರಡು ದಾರಿಗಳಿವೆ. ಹಿನ್ನೆಲೆ ಬೆಳ್ಳಗಿದ್ದರೆ ಲೋಟದ ಎಡಬಲಕ್ಕೆ, ಚೌಕಟ್ಟಿನ ಹೊರಗೆ, ಕಪ್ಪು ಚಾರ್ಟ್ ಪೇಪರಿನ ಪಟ್ಟಿಗಳನ್ನು ನಿಲ್ಲಿಸಿ. ಗಾಜಿನ ಅಂಚು ಆ ಕಪ್ಪನ್ನು ಬಾಗಿಸಿ ತನ್ನೊಳಗೆ ಸೆಳೆದುಕೊಂಡು, ಶಾಯಿಯಲ್ಲಿ ಬರೆದಂಥ ಗೆರೆಯಾಗಿ ಕಾಣುತ್ತದೆ. ಹಿನ್ನೆಲೆ ಕಪ್ಪಾಗಿದ್ದರೆ ಎಡಬಲದಲ್ಲಿ ಬೆಳಗುವ ಬಿಳಿ ಹಾಳೆಗಳನ್ನು ನಿಲ್ಲಿಸಿ. ಆಗ ಅಂಚು ಬೆಳ್ಳಿಗೆರೆಯಾಗುತ್ತದೆ. ಜಾಹೀರಾತಿನ ಗಾಜಿನ ಬಾಟಲಿಗಳನ್ನು ಚಿತ್ರಿಸುವವರೂ ಇದೇ ಎರಡು ದಾರಿಗಳಲ್ಲಿ ನಡೆಯುತ್ತಾರೆ.

1861ರ ಮೂರು ತೊಟ್ಟಿಗಳು

ಬಣ್ಣದ ನೀರಿಗೂ ಛಾಯಾಗ್ರಹಣಕ್ಕೂ ಇರುವ ನಂಟು ಬಹಳ ಹಳೆಯದು. 1861ರ ಮೇ 17ರಂದು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಭೌತವಿಜ್ಞಾನಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಒಂದು ಉಪನ್ಯಾಸ ಕೊಟ್ಟರು. ನಮ್ಮ ಕಣ್ಣು ಕೆಂಪು, ಹಸಿರು, ನೀಲಿ ಎಂಬ ಮೂರು ಬೆಳಕುಗಳ ಬೆರಕೆಯಿಂದಲೇ ಬಣ್ಣಗಳನ್ನು ಗ್ರಹಿಸುತ್ತದೆ ಎಂಬುದನ್ನು ಸಭೆಗೆ ತೋರಿಸಬೇಕಿತ್ತು. ಅದಕ್ಕಾಗಿ ಛಾಯಾಗ್ರಾಹಕ ಥಾಮಸ್ ಸಟನ್ ಸ್ಕಾಟ್ಲೆಂಡಿನ ಚೌಕುಳಿ ರಿಬ್ಬನ್ನೊಂದನ್ನು ಬೇರೆಬೇರೆಯಾಗಿ ಚಿತ್ರಿಸಿದ್ದರು. ಪ್ರತಿ ಸಲವೂ ಮಸೂರದ ಮುಂದೆ ಒಂದೊಂದು ಬಣ್ಣದ ದ್ರಾವಣ ತುಂಬಿದ ಗಾಜಿನ ತೊಟ್ಟಿ ಇತ್ತು. ತಾಮ್ರ ಮತ್ತು ಕಬ್ಬಿಣದ ಲವಣಗಳಿಂದ ಮಾಡಿದ ಬಣ್ಣದ ನೀರು ಅದು. ಸಿಕ್ಕಿದ್ದೆಲ್ಲ ಕಪ್ಪು-ಬಿಳುಪು ಚಿತ್ರಗಳೇ. ಕೆಂಪು ದ್ರಾವಣದ ಮೂಲಕ ತೆಗೆದದ್ದನ್ನು ಕೆಂಪು ಬೆಳಕಿನಲ್ಲಿ, ಹಸಿರಿನದನ್ನು ಹಸಿರಿನಲ್ಲಿ, ನೀಲಿಯದನ್ನು ನೀಲಿಯಲ್ಲಿ ಒಂದೇ ಪರದೆಯ ಮೇಲೆ ಒಂದರ ಮೇಲೊಂದು ಬೀಳಿಸಿದಾಗ ರಿಬ್ಬನ್ನಿನ ಬಣ್ಣಗಳು ಪರದೆಯ ಮೇಲೆ ಮೂಡಿದವು.

ಈ ಕತೆಗೆ ನೂರು ವರ್ಷಗಳ ನಂತರ ಒಂದು ಅಡಿಟಿಪ್ಪಣಿ ಸೇರಿತು. ಸಟನ್ ಬಳಸಿದ ಫಲಕಕ್ಕೆ ಕೆಂಪು ಬೆಳಕು ತಿಳಿಯುತ್ತಲೇ ಇರಲಿಲ್ಲ. ಹಾಗಾದರೆ ಕೆಂಪು ಹೇಗೆ ದಾಖಲಾಯಿತು? 1961ರಲ್ಲಿ ಕೊಡಾಕ್ ಸಂಸ್ಥೆಯ ಸಂಶೋಧಕರು ಉತ್ತರ ಕಂಡುಕೊಂಡರು. ರಿಬ್ಬನ್ನಿನ ಕೆಂಪು ಭಾಗಗಳು ಕಣ್ಣಿಗೆ ಕಾಣದ ಅತಿನೇರಳೆ ಬೆಳಕನ್ನೂ ಹಿಂದಕ್ಕೆ ಕಳಿಸುತ್ತಿದ್ದವು, ಕೆಂಪು ದ್ರಾವಣ ಅದನ್ನು ಒಳಬಿಟ್ಟಿತ್ತು, ಫಲಕ ಅದನ್ನು ಹಿಡಿದಿತ್ತು. ಸೋಸುವ ನೀರು ನಮ್ಮ ಕಣ್ಣಿಗೆ ಕಾಣುವುದಕ್ಕಿಂತ ಹೆಚ್ಚಿನದನ್ನೂ ಒಳಬಿಡಬಹುದು ಎಂಬುದಕ್ಕೆ ಇದಕ್ಕಿಂತ ಚೆಂದದ ಉದಾಹರಣೆ ಇಲ್ಲ.

ಈ ಪ್ರಯೋಗವನ್ನು ಮನೆಯಲ್ಲೇ ಮತ್ತೆ ಮಾಡಬಹುದು. ಚಪ್ಪಟೆ ಗೋಡೆಯ ಒಂದು ಚೌಕ ಗಾಜಿನ ಬಾಟಲಿ ಬೇಕು. ಮೇಜಿನ ಮೇಲೆ ಟೊಮೆಟೊ, ಹಸಿಮೆಣಸಿನಕಾಯಿ, ಬಾಳೆಹಣ್ಣು, ಒಂದು ನೀಲಿ ಬಟ್ಟೆ ಜೋಡಿಸಿ. ಫೋನನ್ನು ಅಲುಗದಂತೆ ಟ್ರೈಪಾಡಿಗೋ ಪುಸ್ತಕಗಳ ನಡುವೆಯೋ ಸಿಕ್ಕಿಸಿ. ಬಾಟಲಿಯಲ್ಲಿ ಕೆಂಪು ನೀರು ತುಂಬಿ ಮಸೂರಕ್ಕೆ ಒತ್ತಿಟ್ಟು ಒಂದು ಚಿತ್ರ. ತೊಳೆದು ಹಸಿರು ನೀರು, ಒಂದು ಚಿತ್ರ. ಮತ್ತೆ ನೀಲಿ, ಇನ್ನೊಂದು ಚಿತ್ರ. ಮೂರನ್ನೂ ಕಂಪ್ಯೂಟರಿನಲ್ಲಿ ಕಪ್ಪು-ಬಿಳುಪು ಮಾಡಿ, ಉಚಿತವಾಗಿ ಸಿಗುವ ಗಿಂಪ್‌ನಂಥ ತಂತ್ರಾಂಶದಲ್ಲಿ ಕೆಂಪು, ಹಸಿರು, ನೀಲಿ ಚಾನೆಲ್‌ಗಳಿಗೆ ಕ್ರಮವಾಗಿ ಕೂಡಿಸಿ. ಬಣ್ಣ ಹಿಂದಿರುಗುತ್ತದೆ. ನಿಜದ ಬಣ್ಣಕ್ಕಿಂತ ಸ್ವಲ್ಪ ಮಾಸಿದಂತೆ, ಹಳೆಯ ಕ್ಯಾಲೆಂಡರಿನ ಚಿತ್ರದಂತೆ. ಮೂರು ಚಿತ್ರಗಳ ನಡುವೆ ಕಿಟಕಿಯ ಪರದೆ ಗಾಳಿಗೆ ಅಲುಗಿದ್ದರೆ ಅದರ ಅಂಚಿನಲ್ಲಿ ಮಾತ್ರ ಕೆಂಪು, ಹಸಿರು, ನೀಲಿಯ ಸಾಲು ಬಿಡುತ್ತದೆ. ನಿಂತದ್ದಕ್ಕೆ ತನ್ನ ಬಣ್ಣ, ಚಲಿಸಿದ್ದಕ್ಕೆ ಕಾಮನಬಿಲ್ಲು.

ಫೋನಿನೊಳಗಿನ ಜರಡಿ

ಮ್ಯಾಕ್ಸ್‌ವೆಲ್ಲರ ತೊಟ್ಟಿಗಳು ಇಂದು ನಮ್ಮ ಜೇಬಿನಲ್ಲೇ ಇವೆ. ಕೊಡಾಕ್ ಸಂಸ್ಥೆಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ವಿನ್ಯಾಸದಲ್ಲಿ ಕ್ಯಾಮೆರಾದ ಸೆನ್ಸರಿನ ಒಂದೊಂದು ಬಿಂದುವಿನ ಮೇಲೂ ಒಂದೊಂದು ಬಣ್ಣದ ಪುಟ್ಟ ಸೋಸುಕ ಕೂತಿರುತ್ತದೆ. ಪ್ರತಿ ನಾಲ್ಕರಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ನಮ್ಮ ಕಣ್ಣು ಹಸಿರಿನ ಆಸುಪಾಸಿನಲ್ಲೇ ಹೆಚ್ಚು ಚುರುಕು. ಅದಕ್ಕೇ ಹಸಿರಿಗೆ ಎರಡು ಪಾಲು. ನಾವು ಬಣ್ಣದ ನೀರನ್ನು ಚಿತ್ರಿಸುವಾಗ ಲೋಟ ಸೋಸಿ ಕಳಿಸಿದ ಬೆಳಕನ್ನು ಫೋನು ಇನ್ನೊಮ್ಮೆ ಸೋಸುತ್ತದೆ.

ಇಲ್ಲಿ ಫೋನಿನ ಒಂದು ಅಭ್ಯಾಸ ನಮಗೆ ಅಡ್ಡ ಬರುತ್ತದೆ. ಚೌಕಟ್ಟಿನ ತುಂಬ ಕೆಂಪಿದ್ದರೆ, ದೀಪದ ಬೆಳಕೇ ಕೆಂಪಗಿದೆ ಎಂದು ಅದು ಬಗೆದು ಕೆಂಪನ್ನು ತಗ್ಗಿಸುತ್ತದೆ. ಆಟೊ ವೈಟ್ ಬ್ಯಾಲೆನ್ಸ್ ಎನ್ನುವುದು ಇದನ್ನೇ. ಕ್ಯಾಮೆರಾ ಆ್ಯಪ್‌ನ ‘ಪ್ರೊ’ ವಿಧಾನದಲ್ಲಿ ವೈಟ್ ಬ್ಯಾಲೆನ್ಸನ್ನು ಬಿಸಿಲಿನ ಗುರುತಿಗೆ ನಿಲ್ಲಿಸಿದರೆ ಬಣ್ಣ ಉಳಿಯುತ್ತದೆ. ಎರಡನೆಯದು ಎಕ್ಸ್‌ಪೋಷರ್. ಲೋಟದ ಬೆಳಗುವ ಭಾಗದ ಮೇಲೆ ಬೆರಳೊತ್ತಿ ಹಿಡಿದು, ಬೆಳಕಿನ ಮಟ್ಟ ಕಟ್ಟಿಹಾಕಿ, ಆಮೇಲೆ ಸ್ವಲ್ಪ ಇಳಿಸಿ. ಬಣ್ಣ ಬಿಳಿಚಿಕೊಳ್ಳುವುದು ನಿಲ್ಲುತ್ತದೆ.

ಲೋಟವೇ ಮಸೂರ

ಹಾಳೆಯ ಮೇಲೆ ದಪ್ಪ ಬಾಣವೊಂದನ್ನು ಬರೆದು ನೀರು ತುಂಬಿದ ಲೋಟದ ಹಿಂದೆ ಹಿಡಿಯಿರಿ. ಲೋಟಕ್ಕೆ ತಾಗಿದಂತೆ ಇದ್ದಾಗ ಬಾಣ ಇದ್ದಂತೆಯೇ ಇರುತ್ತದೆ, ಅಗಲ ಮಾತ್ರ ಹಿಗ್ಗುತ್ತದೆ. ನಿಧಾನವಾಗಿ ಹಿಂದಕ್ಕೆ ಸರಿಸಿದರೆ ಒಂದೆಡೆ ಬಾಣ ಕಲಸಿಹೋಗಿ, ಆಮೇಲೆ ಎಡಕ್ಕಿದ್ದದ್ದು ಬಲಕ್ಕೆ ತಿರುಗುತ್ತದೆ. ಗಾಳಿಗಿಂತ ನೀರಿನಲ್ಲಿ ಬೆಳಕಿನ ವೇಗ ಕಡಿಮೆ. ಆ ಪ್ರಮಾಣವೇ 1.33 ಎಂಬ ನೀರಿನ ವಕ್ರೀಭವನ ಸೂಚ್ಯಂಕ. ಈ ಸಂಖ್ಯೆಯಿಂದ ಲೆಕ್ಕ ಹಾಕಿದರೆ, ದುಂಡು ಲೋಟವೊಂದು ಬಿಸಿಲನ್ನು ತನ್ನ ಹಿಂಗೋಡೆಯಿಂದ ಸುಮಾರು ಅರ್ಧ ಅಗಲದಷ್ಟು ದೂರದಲ್ಲಿ ಒಟ್ಟುಗೂಡಿಸುತ್ತದೆ. ಏಳು ಸೆಂಟಿಮೀಟರ್ ಅಗಲದ ಲೋಟಕ್ಕೆ ಮೂರೂವರೆ ಸೆಂಟಿಮೀಟರ್. ಬಾಣ ತಿರುಗುವುದೂ ಆ ಗಡಿ ದಾಟಿದ ಮೇಲೆಯೇ. ನನ್ನ ಕಿಟಕಿಕಟ್ಟೆಯ ಮೇಲಿನ ಕೆಂಡದ ಗೆರೆ ಮೂಡಿದ್ದೂ ಇದರಿಂದಲೇ.

ಬಾಣದ ಬದಲು ಪಟ್ಟೆಪಟ್ಟೆಯ ಬಟ್ಟೆ ಹಿಡಿಯಿರಿ, ಇಳಕಲ್ ಸೀರೆಯ ಅಂಚು ಹಿಡಿಯಿರಿ. ಬಣ್ಣದ ನೀರು ಅದನ್ನು ಬಾಗಿಸುವುದರ ಜೊತೆಗೆ ಬಣ್ಣವನ್ನೂ ಅದ್ದಿ ಕೊಡುತ್ತದೆ. ನಲ್ಲಿಯ ತುದಿಯಲ್ಲಿ ತೂಗುವ ಹನಿ ಎಲ್ಲ ಕಡೆಯೂ ದುಂಡಾದ್ದರಿಂದ ಮೇಲು-ಕೆಳಗನ್ನೂ ತಿರುಗಿಸುತ್ತದೆ. ಅದರ ಹಿಂದೆ ಒಂದಡಿ ದೂರದಲ್ಲಿ ಸೇವಂತಿಗೆಯನ್ನು ತಲೆಕೆಳಗಾಗಿ ಹಿಡಿದರೆ ಹನಿಯೊಳಗೆ ನೆಟ್ಟಗಿನ ಪುಟ್ಟ ಸೇವಂತಿಗೆ ಕಾಣುತ್ತದೆ. ಫೋಕಸ್ ಮಾಡಬೇಕಾದದ್ದು ಹನಿಯೊಳಗಿನ ಹೂವಿಗೆ.

ಒಂದು ಹನಿ ಹಾಲು

ಬಣ್ಣವನ್ನೇ ಹಾಕದೆ ಬಣ್ಣ ತರುವ ಪ್ರಯೋಗವೂ ಒಂದಿದೆ. ಎತ್ತರದ ಗಾಜಿನ ಪಾತ್ರೆಯಲ್ಲಿ ನೀರು ತುಂಬಿ, ಕೆನೆ ತೆಗೆದ ಹಾಲನ್ನು ಹನಿಹನಿಯಾಗಿ ಬೆರೆಸಿ. ಕೋಣೆ ಕತ್ತಲಾಗಿಸಿ ಒಂದು ಬದಿಯಿಂದ ಟಾರ್ಚ್ ಬೆಳಕು ಹಾಯಿಸಿ. ಪಕ್ಕದಿಂದ ನೋಡಿದರೆ ನೀರು ನಸುನೀಲಿ. ಟಾರ್ಚಿನ ಎದುರು ಬದಿಯಿಂದ ನೋಡಿದರೆ ಬೆಳಕು ಹಳದಿ, ಕಿತ್ತಳೆ. ಹಾಲಿನ ಅತಿಸಣ್ಣ ಕಣಗಳು ನೀಲಿ ಬೆಳಕನ್ನು ಹೆಚ್ಚು ಚದುರಿಸುತ್ತವೆ, ಕೆಂಪು ನೇರ ದಾಟಿಹೋಗುತ್ತದೆ. ಆಕಾಶ ನೀಲಿಯಾಗಿ, ಸಂಜೆಯ ಸೂರ್ಯ ಕೆಂಪಾಗಿ ಕಾಣುವುದೂ ಬೆಳಕಿನ ಚದುರುವಿಕೆಯಿಂದಲೇ.

ಬೆಳಕಿನ ಚದುರುವಿಕೆಯ ಅಧ್ಯಯನದ ಜೊತೆ ನಮ್ಮ ಬೆಂಗಳೂರಿಗೆ ಆಪ್ತ ಸಂಬಂಧವಿದೆ. 1921ರಲ್ಲಿ ಇಂಗ್ಲೆಂಡಿನಿಂದ ‘ನಾರ್ಕುಂಡ’ ಹಡಗಿನಲ್ಲಿ ಮರಳುತ್ತಿದ್ದ ಸಿ.ವಿ. ರಾಮನ್ ಮೆಡಿಟರೇನಿಯನ್ ಸಮುದ್ರದ ನೀಲಿಯನ್ನು ಕಂಡು, ಅದು ಆಕಾಶದ ಪ್ರತಿಬಿಂಬ ಮಾತ್ರ ಎಂಬ ಮಾತನ್ನು ಒಪ್ಪದೆ, ಮೇಲ್ಮೈಯ ಹೊಳಪನ್ನು ಕಳೆಯುವ ಪಟ್ಟಕದ ಮೂಲಕ ನೀರನ್ನು ನೋಡಿದರು. ನೀಲಿ ಅಲ್ಲೇ ಇತ್ತು. ದ್ರವಗಳ ಒಳಗೆ ಬೆಳಕು ಚದುರುವ ಬಗೆಯನ್ನು ಅವರು ಏಳು ವರ್ಷ ಬೆನ್ನುಹತ್ತಿದರು. ಕಲ್ಕತ್ತದ ಪ್ರಯೋಗಾಲಯದಲ್ಲಿ ಬಿಸಿಲನ್ನು ನೇರಳೆ ಸೋಸುಕದ ಮೂಲಕ ಶುದ್ಧ ದ್ರವಕ್ಕೆ ಹಾಯಿಸಿ, ಚದುರಿ ಬಂದ ಬೆಳಕನ್ನು ಇನ್ನೊಂದು ಬಣ್ಣದ ಸೋಸುಕದಿಂದ ನೋಡಿದರು. ಮೊದಲ ಸೋಸುಕ ಬಿಟ್ಟದ್ದನ್ನೆಲ್ಲ ಎರಡನೆಯದು ತಡೆಯಬೇಕಿತ್ತು. ಆದರೂ ಮಂದ ಬೆಳಕೊಂದು ದಾಟಿ ಬಂತು. ದ್ರವದೊಳಗೆ ಬೆಳಕು ಬಣ್ಣ ಬದಲಿಸಿತ್ತು. 1928ರ ಫೆಬ್ರುವರಿ 28ರಂದು ಸಾರಿದ ಆ ಶೋಧನೆಗೆ 1930ರಲ್ಲಿ ನೊಬೆಲ್ ಬಂತು. 1933ರಲ್ಲಿ ಬೆಂಗಳೂರಿಗೆ ಬಂದ ರಾಮನ್ 1970ರಲ್ಲಿ ಕೊನೆಯುಸಿರೆಳೆಯುವವರೆಗೂ ಇಲ್ಲಿಯೇ ಇದ್ದರು. 1948ರಲ್ಲಿ ಅವರು ಕಟ್ಟಿದ ಸಂಶೋಧನಾ ಸಂಸ್ಥೆ ಇಂದಿಗೂ ಅವರ ಹೆಸರು ಹೊತ್ತು ನಿಂತಿದೆ. ಬಿಸಿಲು, ಸೋಸುಕ, ಒಂದು ಬಾಟಲಿ ದ್ರವ, ಬಿಡದ ಕುತೂಹಲ: ಆ ಶೋಧನೆಯ ಬೇರು ಇವುಗಳಲ್ಲಿತ್ತು.

ಬೀಳುವ ಹನಿ, ಹರಡುವ ಶಾಯಿ

ಬಣ್ಣದ ಹನಿ ನೀರಿಗೆ ಬಿದ್ದು ಕಿರೀಟವಾಗಿ ಚಿಮ್ಮುವ ಚಿತ್ರ ಎಲ್ಲರಿಗೂ ಆಸೆ ಹುಟ್ಟಿಸುತ್ತದೆ. ಇಂಗ್ಲೆಂಡಿನ ಆರ್ಥರ್ ವರ್ದಿಂಗ್ಟನ್ ಈ ಒಂದೇ ವಿಷಯಕ್ಕೆ ದಶಕಗಳನ್ನು ಕೊಟ್ಟರು. ಮೊದಲು ಕತ್ತಲ ಕೋಣೆಯಲ್ಲಿ ಕಿಡಿಯ ಬೆಳಕಿನಲ್ಲಿ ಕಂಡದ್ದನ್ನು ಕೈಯಿಂದ ಬಿಡಿಸುತ್ತಿದ್ದರು. ಆ ಚಿತ್ರಗಳಲ್ಲಿ ಕಿರೀಟ ಅಚ್ಚುಕಟ್ಟಾಗಿ ದುಂಡಗಿತ್ತು. ಆಮೇಲೆ ಫೋಟೊ ತೆಗೆದಾಗ ನಿಜದ ಹನಿಗಳು ಸೊಟ್ಟಸೊಟ್ಟಗೆ ಚಿಮ್ಮುತ್ತವೆಂದು ತಿಳಿಯಿತು. 1908ರಲ್ಲಿ ಅವರ ಪುಸ್ತಕ ಬಂತು. ಅಮೆರಿಕದ ಎಂಐಟಿಯ ಹೆರಾಲ್ಡ್ ಎಡ್ಜರ್ಟನ್ ವಿದ್ಯುತ್ ಮಿಂಚನ್ನು ಪಳಗಿಸಿ, ಕೆಂಪು ಹಿನ್ನೆಲೆಯಲ್ಲಿ ಹಾಲಿನ ಕಿರೀಟವನ್ನು 1957ರಲ್ಲಿ ಸೆರೆಹಿಡಿದರು.

ಅರ್ಧ ಮೀಟರ್ ಎತ್ತರದಿಂದ ಬಿದ್ದ ಹನಿ ಸೆಕೆಂಡಿನ ಮೂರನೆಯ ಒಂದು ಭಾಗದಲ್ಲಿ ಕೆಳಗೆ ತಲುಪುತ್ತದೆ. ಆಗ ಅದರ ವೇಗ ಸೆಕೆಂಡಿಗೆ ಸುಮಾರು ಮೂರು ಮೀಟರ್. ಶಟರ್ ಸೆಕೆಂಡಿನ ಸಾವಿರದಲ್ಲಿ ಒಂದು ಭಾಗ ತೆರೆದಿದ್ದರೂ ಹನಿ ಮೂರು ಮಿಲಿಮೀಟರ್ ಸರಿದಿರುತ್ತದೆ, ಚಿತ್ರ ಮಸುಕಾಗುತ್ತದೆ. ಮಿಂಚಿನ ಅವಧಿ ಇಪ್ಪತ್ತು ಸಾವಿರದಲ್ಲಿ ಒಂದು ಭಾಗವಾದರೆ ಅದು ಸರಿಯುವುದು 0.15 ಮಿಲಿಮೀಟರ್. ಆದ್ದರಿಂದ ಹನಿಯನ್ನು ನಿಲ್ಲಿಸುವುದು ಶಟರ್ ಅಲ್ಲ, ಫ್ಲ್ಯಾಶ್. ಹೆಚ್ಚಿನ ಫ್ಲ್ಯಾಶ್‌ಗಳಲ್ಲಿ ಶಕ್ತಿ ತಗ್ಗಿಸಿದಷ್ಟೂ ಮಿಂಚು ಚುಟುಕಾಗುತ್ತದೆ. ಹಾಗಾಗಿ ಶಕ್ತಿ ಇಳಿಸಿ, ಫ್ಲ್ಯಾಶನ್ನು ಹತ್ತಿರ ತಂದು, ಹಿಂದಿನ ಬಿಳಿ ಹಾಳೆಗೆ ತಾಗಿಸಬೇಕು. ಫೋನಿನವರು ಬೆಳಗಿನ ನೇರ ಬಿಸಿಲಿನಲ್ಲಿ ಒಂದೇ ಸಮನೆ ಹತ್ತಾರು ಚಿತ್ರ ತೆಗೆದು ಒಂದನ್ನು ಆರಿಸಿಕೊಳ್ಳಬಹುದು. ಮನೆಯ ದೀಪಗಳಲ್ಲಿ ಹಲವು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ವೇಗದ ಶಟರ್‌ನಲ್ಲಿ ಚಿತ್ರದ ಮೇಲೆ ಪಟ್ಟೆ ಬೀಳುತ್ತದೆ. ಇಂಥ ಚಿತ್ರಕ್ಕೆ ಬಿಸಿಲೇ ವಾಸಿ.

ಶಾಯಿಯ ಹನಿಗೆ ಇಷ್ಟು ಅವಸರ ಬೇಡ, ತಾಳ್ಮೆ ಬೇಕು. ಎತ್ತರದ ಗಾಜಿನ ಪಾತ್ರೆಯಲ್ಲಿ ನೀರು ತುಂಬಿ ಕಾಲು ಗಂಟೆ ಅಲುಗಿಸದೆ ಬಿಡಿ. ಡ್ರಾಪರಿನ ತುದಿಯನ್ನು ನೀರಿಗೆ ತೀರ ಹತ್ತಿರ ತಂದು ಒಂದೇ ಹನಿ ಬಿಡಿ. ಅದು ಉಂಗುರವಾಗಿ ಇಳಿಯುತ್ತದೆ, ಉಂಗುರ ಹರಿದು ಬಳ್ಳಿಗಳಾಗುತ್ತದೆ, ಬಳ್ಳಿಯ ತುದಿಯಲ್ಲಿ ಮತ್ತೆ ಪುಟ್ಟ ಉಂಗುರಗಳು. ನೀರು ಬಿಸಿಯಿದ್ದರೆ ಶಾಯಿ ಬೇಗ ಹರಡುತ್ತದೆ, ತಣ್ಣಗಿದ್ದರೆ ಹೆಚ್ಚು ಹೊತ್ತು ಆಕಾರ ಹಿಡಿದಿರುತ್ತದೆ. ಐದಾರು ಹನಿ ಬಿದ್ದ ಮೇಲೆ ನೀರು ಮಂಕಾಗುತ್ತದೆ. ಹಳೆಯ ನೀರನ್ನು ಗಿಡಕ್ಕೆ ಹಾಕದೆ ಬಚ್ಚಲಿಗೆ ಚೆಲ್ಲಿ ಹೊಸದಾಗಿ ಶುರುಮಾಡಬೇಕು.

ಕೆಲವು ಎಚ್ಚರಗಳು

ನೀರಿರುವ ಮೇಜಿನ ಹತ್ತಿರ ಕರೆಂಟಿನ ದೀಪ, ವಯರು, ಎಕ್ಸ್‌ಟೆನ್ಶನ್ ಬೋರ್ಡು ಬೇಡ. ಟಾರ್ಚ್, ಬ್ಯಾಟರಿ ದೀಪ, ಕಿಟಕಿಯ ಬೆಳಕು ಸಾಕು. ದುಂಡು ಗಾಜಿನ ಪಾತ್ರೆಯಲ್ಲಿ ನೀರು ತುಂಬಿ ಬಿಸಿಲಿನಲ್ಲಿ ಬಿಟ್ಟುಹೋಗಬೇಡಿ, ಕಿರಣಗಳು ಒಂದೆಡೆ ಸೇರಿ ಬಟ್ಟೆ, ಕಾಗದ ಹೊತ್ತಿಕೊಳ್ಳಬಹುದು. ಲೋಟದ ಮೂಲಕ ಸೂರ್ಯನನ್ನು ನೇರ ನೋಡಬಾರದು, ಕ್ಯಾಮೆರಾಕ್ಕೂ ತೋರಿಸಬಾರದು. ಮೈಲುತುತ್ತದ ನೀಲಿ ಎಷ್ಟೇ ಚೆಂದವಿದ್ದರೂ ಅದು ವಿಷ, ಮಕ್ಕಳಿರುವ ಮನೆಯಲ್ಲಿ ಅದರ ಗೊಡವೆ ಬೇಡ. ಸುಣ್ಣ ಕಣ್ಣಿಗೆ ಹಾರದಂತೆ ದೊಡ್ಡವರೇ ಕಲಸಬೇಕು.

ಕೊನೆಯದಾಗಿ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಎಷ್ಟು ಹನಿ ಬಣ್ಣ, ಎಷ್ಟು ಗಂಟೆಯ ಬೆಳಕು, ಪಂಚೆ ಕಟ್ಟಿತ್ತೋ ಇಲ್ಲವೋ, ಒಂದೊಂದು ಸಾಲು ಬರೆಯಿರಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಲೋಟ ಸರಿಸಿದ ದಿನ ಬೆಳಕು ಸರಿಸಬೇಡಿ, ಬಣ್ಣ ಬದಲಿಸಿದ ದಿನ ಲೋಟ ಬದಲಿಸಬೇಡಿ. ಹೀಗೆ ಮಾಡಿದಾಗ ಮಾತ್ರ ಯಾವುದರಿಂದ ಏನಾಯಿತೆಂದು ತಿಳಿಯುತ್ತದೆ. ಹೊಸ ಕ್ಯಾಮೆರಾ ಕೊಳ್ಳುವ ಯೋಚನೆ ಇದ್ದವರು ಅದಕ್ಕೆ ಮೊದಲು ಒಂದು ತಿಂಗಳು ಇಷ್ಟು ಮಾಡಿ ನೋಡಲಿ. ಮುಂದಿನ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಕಿಟಕಿಕಟ್ಟೆಯ ಮೇಲೆ ಒಂದು ಲೋಟ ಬಣ್ಣದ ನೀರು ಇಡಿ, ಮನೆಯ ಮಕ್ಕಳನ್ನು ಕರೆಯಿರಿ, ಬೆಳಕು ಹೊರಬರುವ ಬದಿಯಲ್ಲಿ ನಿಂತು ನೋಡಿ.